ಒಂದೂ ಬಿಟ್ಟಿಲ್ಲ ಅಕ್ಕ

ಆ ಕ್ಲಿನಿಕ್ಕಿನಲ್ಲಿ ಮಾತ್ರೆ ಎಣಿಸುವ ಹೆಂಗಸಿಗೆ ಜನ ಎಣಿಕೆ ಅಕ್ಕ ಎಂದು ಹೆಸರಿಟ್ಟಿದ್ದರು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಬಿದ್ದು ಬೇಜಾರೇನೂ ಆಗಿರಲಿಲ್ಲ, ಒಳಗೊಳಗೇ ಖುಷಿಯಾಗಿತ್ತು. ನಗುವವರು ಅವಳ ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೆ ಬಂದರೆ ಮಾತ್ರ ಒಬ್ಬರೂ ಕೆಮ್ಮುವ ಹಾಗಿರಲಿಲ್ಲ.

ರಕ್ತದೊತ್ತಡಕ್ಕೆ ಹೊಸ ಮಾತ್ರೆಯೊಂದು ತಯಾರಾಗಿತ್ತು. ಅದು ಹಳೆಯ ಮಾತ್ರೆಯಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಯೇ, ಮೈಗೆ ಏನಾದರೂ ತೊಂದರೆ ಕೊಡುತ್ತದೆಯೇ ಎಂದು ನೋಡುವ ಪ್ರಯೋಗ ಅಲ್ಲಿ ನಡೆಯುತ್ತಿತ್ತು. ಒಪ್ಪಿ ಸೇರಿದವರಲ್ಲಿ ಅರ್ಧ ಜನರಿಗೆ ಹೊಸದು, ಅರ್ಧ ಜನರಿಗೆ ಹಳೆಯದು. ಯಾರಿಗೆ ಯಾವುದು ಎಂದು, ಚೀಟಿ ಎತ್ತಿದ ಹಾಗೆ, ಕಂಪ್ಯೂಟರು ತೀರ್ಮಾನಿಸುತ್ತಿತ್ತು. ಎರಡೂ ನೋಡುವುದಕ್ಕೆ ಒಂದೇ: ಬಿಳಿಯ, ಗಟ್ಟಿಯಾದ, ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಮಾತ್ರೆ. ನುಂಗುವವರಿಗೂ ಯಾವುದೆಂದು ಗೊತ್ತಿರಲಿಲ್ಲ, ಕೊಡುವವರಿಗೂ ಗೊತ್ತಿರಲಿಲ್ಲ. ತಿಂಗಳಿಗೊಮ್ಮೆ ಎಲ್ಲರೂ ತಮ್ಮ ಬಾಟಲಿ ವಾಪಸು ತರಬೇಕು. ಅದರಲ್ಲಿ ಉಳಿದದ್ದನ್ನು ಎಣಿಸಿದರೆ ಯಾರು ದಿನಾ ನುಂಗಿದರು, ಯಾರು ತಪ್ಪಿಸಿದರು ಎಂದು ತಿಳಿಯುತ್ತದೆ. ಆ ಎಣಿಕೆ ಅವಳ ಕೆಲಸ.

ಎಣಿಸುವುದಕ್ಕೆಂದೇ ಒಳಗೊಂದು ಕೋಣೆಯಿತ್ತು. ಅವಳು ಅಲ್ಲಿ ಕೂರಲಿಲ್ಲ. ಮೇಜನ್ನು ಕಾರಿಡಾರಿಗೆ, ಎಲ್ಲರೂ ಕಾಯುತ್ತ ಕೂರುವ ಬೆಂಚುಗಳ ಎದುರಿಗೆ ಎಳೆಸಿಕೊಂಡಳು. ಸ್ಟೀಲ್ ತಟ್ಟೆಗೆ ಮಾತ್ರೆ ಸುರಿದು, ಚಪ್ಪಟೆ ಕಡ್ಡಿಯಿಂದ ಎರಡೆರಡೇ ಸರಿಸುತ್ತ, ಬೆಂಚಿನ ಕೊನೆಯವರಿಗೂ ಕೇಳುವ ದನಿಯಲ್ಲಿ ಎಣಿಸುತ್ತಿದ್ದಳು. ತಟ್ಟೆಯಲ್ಲಿ ಟಣ್ ಎಂದು ಸದ್ದಾದರೆ ಸಾಕು, ಇವತ್ತು ಯಾರ ಗ್ರಹಚಾರ ನೆಟ್ಟಗಿಲ್ಲ ಎಂದು ಎಲ್ಲರೂ ಕತ್ತು ಉದ್ದ ಮಾಡುತ್ತಿದ್ದರು.

ಮೊದಮೊದಲು ಸದ್ದಾಗುತ್ತಲೇ ಇತ್ತು. ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸೊಬ್ಬಳು ಎರಡನೆಯ ತಿಂಗಳಿಗೆ ಅರ್ಧ ಬಾಟಲಿ ಮಾತ್ರೆ ವಾಪಸು ತಂದಳು. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮೈಯೆಲ್ಲ ತುರಿಸುತ್ತದೆ, ಅದಕ್ಕೇ ಬಿಟ್ಟೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಂಥ ಮಾತು ಕೇಳಿ ಬರೆದುಕೊಳ್ಳಲಿ ಎಂದೇ ಪ್ರಯೋಗ ನಡೆಸುವುದು. ಎಣಿಕೆ ಅಕ್ಕ ಬರೆದುಕೊಳ್ಳಲಿಲ್ಲ. ಒಂದೊಂದು ಮಾತ್ರೆಯನ್ನೂ ಹೆಸರು ಹಿಡಿದು ಕರೆದ ಹಾಗೆ ಎಣಿಸಿದಳು. ಪುಕ್ಕಟೆ ರಕ್ತಪರೀಕ್ಷೆ ಬೇಕು, ಪುಕ್ಕಟೆ ಡಾಕ್ಟರು ಬೇಕು, ನುಂಗು ಅಂದರೆ ಮಾತ್ರ ಮೈ ತುರಿಸುತ್ತದೆ, ನಿನ್ನ ಬೇಕರಿಯ ಹಳಸಲು ಬ್ರೆಡ್ಡು ತಿಂದರೆ ತುರಿಸುವುದಿಲ್ಲವೇ ಎಂದು ಕೇಳಿದಳು. ಬೆಂಚಿನ ಮೇಲಿದ್ದವರು ನಕ್ಕರು, ಪಾಪ, ಅವರ ಸರದಿ ಇನ್ನೂ ಬಂದಿರಲಿಲ್ಲ. ಆಮೇಲೆ ಒಂದು ಲೋಟ ನೀರು ತರಿಸಿ, ಎಲ್ಲರೆದುರು ಒಂದು ಮಾತ್ರೆ ನುಂಗಿಸಿದಳು. ಆ ಹೆಂಗಸು ನುಂಗಿದಳು. ಬಾಗಿಲು ದಾಟುವಷ್ಟರಲ್ಲಿ ಕಸದ ಬುಟ್ಟಿಗೆ ಬಗ್ಗಿ ಎಲ್ಲವನ್ನೂ ವಾಂತಿ ಮಾಡಿಕೊಂಡಳು. ವಾಂತಿಗೆ ಕಾರಣ ಬರೆಯುವ ಜಾಗದಲ್ಲಿ ಎಣಿಕೆ ಅಕ್ಕ ಊಟದ ವ್ಯತ್ಯಾಸ ಎಂದು ಬರೆದಳು.

ಸೇರುವಾಗ ಎಲ್ಲರಿಗೂ ಒಂದು ಒಪ್ಪಿಗೆ ಪತ್ರ ಓದಿ ಹೇಳುವುದು ನಿಯಮ. ಬೇಡ ಅನ್ನಿಸಿದ ದಿನ ಬಿಟ್ಟು ಹೋಗಬಹುದು, ಕಾರಣ ಹೇಳಬೇಕಾಗಿಲ್ಲ, ಯಾರೂ ಏನೂ ಅನ್ನುವ ಹಾಗಿಲ್ಲ ಎಂದು ಅದರಲ್ಲಿತ್ತು. ಆ ಸಾಲು ಬಂದಾಗ ಮಾತ್ರ ಅವಳು ಬಸ್ಸಿಗೆ ಹೊತ್ತಾದವರ ಹಾಗೆ ಗಡಬಡಿಸಿ ಓದಿ ಮುಗಿಸುತ್ತಿದ್ದಳು. ಹೀಗಾಗಿ ಬಿಡಬಹುದು ಎಂದು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರಿಗೂ ಅವಳ ಮುಂದೆ ನಿಂತು ಬಿಡುತ್ತೇನೆ ಎನ್ನುವ ಧೈರ್ಯ ಇರಲಿಲ್ಲ. ಪರೀಕ್ಷೆಗಳು ಪುಕ್ಕಟೆಯಾಗಿ ಸಿಗುತ್ತಿದ್ದದ್ದೂ ನಿಜ.

ಬೇಕರಿಯವಳ ಪ್ರಸಂಗದ ನಂತರ ಬಾಟಲಿಗಳೆಲ್ಲ ಖಾಲಿಯಾಗಿ ಬರತೊಡಗಿದವು. ಬೇರೆ ಊರುಗಳಲ್ಲಿ ಇಂಥದೇ ಬೇರೆ ಪ್ರಯೋಗ ನಡೆಸುವವರು ಅಷ್ಟು ಉಳಿಯಿತು, ಇಷ್ಟು ಉಳಿಯಿತು ಎಂದು ತಲೆ ಚಚ್ಚಿಕೊಳ್ಳುತ್ತಿದ್ದರೆ ಇಲ್ಲಿ ತಟ್ಟೆ ಟಣ್ ಎನ್ನುತ್ತಲೇ ಇರಲಿಲ್ಲ. ಪ್ರಯೋಗದ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಅವಳನ್ನು ತಲೆ ಮೇಲೆ ಕೂರಿಸಿಕೊಂಡರು. ದೊಡ್ಡ ಸಭೆಯೊಂದರಲ್ಲಿ ಅವಳನ್ನು ವೇದಿಕೆಗೆ ಕರೆದು ಚಪ್ಪಾಳೆ ತಟ್ಟಿಸಿದರು. ಅವಳು ಅಲ್ಲಿ ತೆಗೆದ ಫೋಟೋಕ್ಕೆ ಕಟ್ಟು ಹಾಕಿಸಿ ಮೇಜಿನ ಹಿಂದಿನ ಗೋಡೆಗೆ ತೂಗುಹಾಕಿದಳು.

ಆ ದಿನಗಳಲ್ಲಿ ಅವಳು ಗಮನಿಸಿದ ಇನ್ನೊಂದು ಸಂಗತಿಯೆಂದರೆ, ತನ್ನ ಮೇಜಿಗೆ ಬರುವ ಮೊದಲು ಪ್ರತಿಯೊಬ್ಬರೂ ಕಾರಿಡಾರಿನ ತುದಿಯ ಶೌಚಾಲಯಕ್ಕೆ ಹೋಗಿ ಬರುತ್ತಿದ್ದರು. ಹೆಂಗಸರು, ಗಂಡಸರು, ಕೋಲೂರಿಕೊಂಡು ಬರುವ ಮುದುಕರು, ಎಲ್ಲರೂ. ಸಾಲು ನಿಲ್ಲುವುದೂ ಇತ್ತು. ಇದನ್ನು ಅವಳು ಮನೆಯಲ್ಲಿ ಗಂಡನಿಗೆ ಹೇಳಿಕೊಂಡು ನಗುತ್ತಿದ್ದಳು. ನನ್ನ ಮುಖ ನೋಡೋಕೆ ಮುಂಚೆ ಎಲ್ಲರಿಗೂ ಉಚ್ಚೆ ಬರುತ್ತೆ ಎಂದು ಅವಳ ಜಂಬ. ಶೌಚಾಲಯ ಆಗಾಗ ಕಟ್ಟಿಕೊಳ್ಳುತ್ತಿತ್ತು. ಅದಕ್ಕೂ ಅವಳು ಗುಡಿಸುವವಳನ್ನು ಬೈದು ಕೈ ತೊಳೆದುಕೊಳ್ಳುತ್ತಿದ್ದಳು.

ಗಂಡ ಬೀಗದವನು. ಬೀದಿಯ ತಿರುವಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು ಕೀ ಉಜ್ಜಿಕೊಡುತ್ತಿದ್ದ. ಮನೆಯಲ್ಲಿ ಇಬ್ಬರೇ. ಮಾತಿನಲ್ಲಿ ಅವಳದು ಒಂದು ಕೈ ಮೇಲು, ನಗಿಸುವುದರಲ್ಲಿ ಅವನದು. ಹೆಂಡತಿಯನ್ನು ಎಣಿಕೆ ಮೇಡಂ ಎಂದೇ ಕರೆಯುತ್ತಿದ್ದ. ಅನ್ನ ಬಡಿಸಿದರೆ, ಅಗುಳು ಎಣಿಸಿದ್ದೀರಾ ಮೇಡಂ, ಆಮೇಲೆ ತಟ್ಟೆಯಲ್ಲಿ ಉಳಿದಿದೆ ಅಂತ ಬೈಬೇಡಿ ಎನ್ನುತ್ತಿದ್ದ. ಇಂಥ ಮನುಷ್ಯನ ಮೇಲೆ ಎಷ್ಟು ಹೊತ್ತು ಅಂತ ಸಿಟ್ಟು ಮಾಡಿಕೊಂಡಿರುವುದು? ಅವಳಿಗೆ ಅವನೆಂದರೆ ಜೀವ. ಅದನ್ನು ಬೈಗುಳದಲ್ಲಲ್ಲದೆ ಬೇರೆ ರೀತಿ ತೋರಿಸುವುದು ಅವಳಿಗೆ ಬರುತ್ತಿರಲಿಲ್ಲ.

ಜನರನ್ನು ಸೇರಿಸಿಕೊಳ್ಳುವ ಗಡುವು ಮುಗಿಯುವಾಗ ಒಬ್ಬರು ಕಡಿಮೆ ಬಿದ್ದರು. ದೊಡ್ಡ ಡಾಕ್ಟರು ಅವಳೆದುರು ಎರಡು ಸಲ ಉಸ್ಸೆಂದರು. ಬೀಗದವನಿಗೂ ರಕ್ತದೊತ್ತಡ ತುಸು ಮೇಲಿತ್ತು, ಉಪ್ಪು ಕಡಿಮೆ ಮಾಡಿದ್ದರೆ ಇಳಿದುಬಿಡುವಷ್ಟು. ಕೆಲಸದವರ ಮನೆಯವರನ್ನು ಸೇರಿಸಿಕೊಳ್ಳಬಾರದು ಎಂದು ನಿಯಮ. ಅವಳು ಮನೆಯ ವಿಳಾಸದ ಬದಲು ಅಂಗಡಿಯ ವಿಳಾಸ ಹಾಕಿದಳು, ಸಂಬಂಧ ಬರೆಯಲಿಲ್ಲ. ದೊಡ್ಡ ಡಾಕ್ಟರಿಗೆ ಅವನು ಯಾರೆಂದು ಚೆನ್ನಾಗಿ ಗೊತ್ತಿತ್ತು. ಅವರು ನೋಡಿಯೂ ನೋಡದ ಹಾಗೆ ಸಹಿ ಹಾಕಿ, ಅಂತೂ ಕೋಟಾ ತುಂಬಿತು ಎಂದರು.

ಅಂದಿನಿಂದ ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಅವಳು ಅಂಗೈಯಲ್ಲಿ ಮಾತ್ರೆ ಹಿಡಿದು ಅವನೆದುರು ನಿಲ್ಲುತ್ತಿದ್ದಳು. ಅವನು ನುಂಗಿದ ಮೇಲೆ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಅವನು ಬಾಯಿ ಅಗಲಿಸಿಕೊಂಡೇ, ಬೀಗ ತೆಗೆದಿದೆ ಮೇಡಂ, ಒಳಗೆ ಬಂದು ನೋಡಿ ಎಂದು ತೊದಲುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ. ಎಣಿಸುವವಳ ಮನೆಯಲ್ಲೇ ಲೆಕ್ಕ ತಪ್ಪಿದರೆ ಮುಖ ಎಲ್ಲಿಡುವುದು?

ಕೆಲವು ತಿಂಗಳಿಗೆ ಬೀಗದವನಿಗೆ ಊಟ ಸೇರದಾಯಿತು. ಮೈ ಪರಚಿಕೊಳ್ಳತೊಡಗಿದ. ಮಧ್ಯಾಹ್ನ ಅಂಗಡಿಯಲ್ಲಿ ಕೀ ಉಜ್ಜುತ್ತ ಉಜ್ಜುತ್ತ ಹಾಗೇ ತೂಕಡಿಸುತ್ತಿದ್ದ. ಮಾತ್ರೆಯದೇ ಇರಬೇಕು ಎಂದು ಒಂದು ದಿನ ಅಳುಕುತ್ತಲೇ ಹೇಳಿದ. ಅವಳು ಬೇಕರಿಯವಳಿಗೆ ಕೊಟ್ಟ ಮಂಗಳಾರತಿಯನ್ನೇ ಅವನಿಗೂ ಎತ್ತಿದಳು. ಊರಿನ ಜನವೆಲ್ಲ ನುಂಗಿ ಗಟ್ಟಿಮುಟ್ಟಾಗಿದ್ದಾರೆ, ನಿಮಗೊಬ್ಬರಿಗೇ ಯಾಕೆ ಈ ನಾಟಕ ಎಂದಳು. ಅವನು ನಾಲಿಗೆ ಎತ್ತಿ ತೋರಿಸಿ ಕೆಲಸಕ್ಕೆ ಹೋದ. ಆ ತಿಂಗಳ ರಕ್ತಪರೀಕ್ಷೆಯಲ್ಲಿ ಅವನ ಲಿವರಿನ ಅಂಕಿ ಮೇಲೆ ಹೋಗಿತ್ತು. ದೊಡ್ಡ ಡಾಕ್ಟರು ಆ ಹಾಳೆಯ ಮೇಲೆ ಕಣ್ಣಾಡಿಸಿ, ಇಷ್ಟೆಲ್ಲ ಆಗುತ್ತಿರುತ್ತದೆ, ಮುಂದಿನ ಸಲ ನೋಡೋಣ ಎಂದರು.

ಮುಂದಿನ ಸಲ ಬರುವಷ್ಟರಲ್ಲಿ ಅವನ ಕಣ್ಣು ಹಳದಿಯಾಗಿತ್ತು. ಅವಳು ಅವನನ್ನು ದೊಡ್ಡ ಡಾಕ್ಟರ ಕೋಣೆಗೆ ಕರೆತಂದಳು. ಅವರು ಹೊಟ್ಟೆ ಒತ್ತಿ ನೋಡಿದರು, ಅವನನ್ನು ಹೊರಗೆ ಕಳಿಸಿದರು, ಆಮೇಲೆ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು.

"ನೋಡಮ್ಮ, ನಿನ್ನದೇ ಲೆಕ್ಕ ಇದು. ಒಬ್ಬರೂ ಒಂದು ಮಾತ್ರೆ ಬಿಟ್ಟಿಲ್ಲ. ಅವರಲ್ಲಿ ಅರ್ಧ ಜನ ಹೊಸ ಮಾತ್ರೆ ನುಂಗ್ತಿದ್ದಾರೆ. ಒಬ್ಬರ ಲಿವರಾದರೂ ಕೆಟ್ಟಿದೆಯಾ? ಇಲ್ಲ. ಅಂದಮೇಲೆ ಇದು ಮಾತ್ರೆಯಿಂದ ಆದದ್ದಲ್ಲ. ಕುಡೀತಾನಾ ಅವನು?"

ಕುಡಿಯುವುದಿಲ್ಲ ಎಂದು ಅವಳಿಗೆ ಖಂಡಿತ ಗೊತ್ತಿತ್ತು. ಆದರೂ ಆ ಪರದೆಯ ಮೇಲಿದ್ದದ್ದು ಅವಳ ಸ್ವಂತ ಕೈಯ ಎಣಿಕೆ. ಅದನ್ನು ಅವಳು ಗಂಡನಿಗಿಂತ ಹೆಚ್ಚು ನಂಬಿದ್ದಳು. ಸಂಜೆ ಮನೆಗೆ ಬಂದವಳೇ ಅವನ ಬಾಯಿಗೆ ಮೂಗು ಹಿಡಿದು ಮೂಸಿದಳು. ಅವನ ಚೀಲ, ಅಂಗಡಿಯ ಡಬ್ಬಿಗಳು, ಕೀಗಳ ಪೆಟ್ಟಿಗೆಯ ತಳ, ಎಲ್ಲ ಜಾಲಾಡಿದಳು. ಯಾರ ಜೊತೆ ಕುಡಿಯುತ್ತೀರಿ ಹೇಳಿ ಎಂದು ಪೊಲೀಸಿನವರ ಹಾಗೆ ನಿಂತು ಕೇಳಿದಳು. ಅವನು ಮೊದಲು ನಕ್ಕ. ಆಮೇಲೆ ಅವಳು ತಮಾಷೆ ಮಾಡುತ್ತಿಲ್ಲ ಎಂದು ತಿಳಿದು ಹಾಸಿಗೆ ಬಿಡಿಸಿಕೊಂಡ. ಅಷ್ಟು ವರ್ಷದ ಸಂಸಾರದಲ್ಲಿ ಅವನು ತಿರುಗಿ ತಮಾಷೆ ಮಾಡದೆ ಮಲಗಿದ್ದು ಅದೇ ಮೊದಲು. ಬೆಳಿಗ್ಗೆ ಮತ್ತೆ ಅವಳು ಮಾತ್ರೆ ಹಿಡಿದು ನಿಂತಳು. ಅವನು ನುಂಗಿದ. ಬಾಯಿ ತೆಗೆಯುವಂತೆ ಅವಳು ಹೇಳುವ ಮೊದಲೇ ತೆಗೆದು ತೋರಿಸಿದ.

ಹತ್ತು ದಿನದ ಮೇಲೆ ಅವನು ಅಂಗಡಿಯಲ್ಲೇ ಬಿದ್ದ. ಆಚೀಚೆಯವರು ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ವಾರ್ಡಿನ ಡಾಕ್ಟರು, ನಿದ್ದೆಗೆಟ್ಟ ಮುಖದ ಒಬ್ಬ ಹುಡುಗಿ, ಅವಳನ್ನು ಪಕ್ಕಕ್ಕೆ ಕರೆದು ಸುತ್ತಿ ಬಳಸದೆ ಹೇಳಿದಳು. ಲಿವರು ಪೂರ್ತಿ ಕೈಕೊಡುತ್ತಿದೆ. ಬದಲಿ ಲಿವರು ಹಾಕುವ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಉಳಿಯಬಹುದು. ಆದರೆ ಪ್ರಯೋಗದವರು ಕಳಿಸಿದ ಕಾಗದದಲ್ಲಿ ಕುಡಿತದ ಅನುಮಾನ ಎಂದಿದೆ, ಕುಡುಕರನ್ನು ಅವರು ತೆಗೆದುಕೊಳ್ಳುವುದಿಲ್ಲ. ಔಷಧದಿಂದ ಆದದ್ದು ಎಂದು ಪ್ರಯೋಗದವರು ಬರೆದುಕೊಟ್ಟರೆ ಈ ವಾರದಲ್ಲೇ ಕಳಿಸುತ್ತೇನೆ. ಅವನಿಗೆ ಕೊಟ್ಟದ್ದು ಹೊಸ ಮಾತ್ರೆಯೇ ಹಳೆಯದೇ ಎಂದು ಗುಟ್ಟು ತೆಗೆಸಿ, ನಿಮ್ಮ ದೊಡ್ಡ ಡಾಕ್ಟರಿಗೆ ಅದು ಒಂದು ಫೋನಿನ ಕೆಲಸ. ನಾನು ಫೋನು ಮಾಡಿದೆ, ಅವರು ಎತ್ತುತ್ತಿಲ್ಲ.

ಎಣಿಕೆ ಅಕ್ಕ ಅಲ್ಲಿಂದಲೇ ಕ್ಲಿನಿಕ್ಕಿಗೆ ಓಡಿದಳು. ಕಾರಿಡಾರಿನ ತುಂಬ ನೀರು ನಿಂತಿತ್ತು. ಶೌಚಾಲಯ ಮತ್ತೆ ಕಟ್ಟಿಕೊಂಡು, ಈ ಸಲ ಉಕ್ಕಿಯೇ ಬಿಟ್ಟಿತ್ತು. ಪ್ಲಂಬರು ಗೋಡೆಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪೈಪಿನ ಬಾಗಿದ ತುಂಡನ್ನು ಬಿಚ್ಚಿ, ಒಳಗಿನದನ್ನು ಬಕೆಟ್ಟಿಗೆ ಕೆರೆಯುತ್ತಿದ್ದ. ಅವಳು ದಾಟಿಕೊಂಡು ಹೋಗುವಾಗ ತಲೆಯೆತ್ತಿ ಅವನು ಕೇಳಿದ.

"ಏನಕ್ಕ, ನಿಮ್ಮ ಕಡೆ ಜನ ಮಾತ್ರೆನ ಬಾಯಿಗೆ ಹಾಕ್ಕೊಳಲ್ವಾ? ಎಲ್ಲ ಇದಕ್ಕೇ ತಿನ್ನಿಸಿದ್ದಾರಲ್ಲ."

ಬಕೆಟ್ಟಿನಲ್ಲಿ ಬೆಳ್ಳಗಿನ ಗೊಜ್ಜು. ಅದರ ನಡುನಡುವೆ ಅರ್ಧ ಕರಗಿದ, ಪೂರ್ತಿ ಕರಗದ ಮಾತ್ರೆಗಳು. ನಿಧಾನವಾಗಿ ಕರಗುವಂಥದ್ದಲ್ಲವೇ, ಹೊಟ್ಟೆಯಲ್ಲಾದರೂ ಅಷ್ಟೆ, ಪೈಪಿನಲ್ಲಾದರೂ ಅಷ್ಟೆ. ಅವಳಿಗೆ ಅವುಗಳ ಗುರುತು ಹಿಡಿಯಲು ಕ್ಷಣವೂ ಬೇಕಾಗಲಿಲ್ಲ. ಶೌಚಾಲಯದ ಮುಂದಿನ ಸಾಲು, ಕೋಲೂರಿಕೊಂಡ ಮುದುಕರು, ತಾನು ಮನೆಯಲ್ಲಿ ಹೇಳಿಕೊಂಡು ನಕ್ಕದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ನುಂಗಿದವರಿಗೆ ಹೊಟ್ಟೆ ತೊಳಸಿತ್ತು. ತೊಳಸಿದವರು ಮಾತ್ರೆ ಬಿಟ್ಟಿದ್ದರು. ಬಿಟ್ಟದ್ದು ತಟ್ಟೆಯಲ್ಲಿ ಟಣ್ ಎನ್ನಬಾರದೆಂದು ಇಲ್ಲಿ ಸುರಿದು, ಖಾಲಿ ಬಾಟಲಿ ಹಿಡಿದು ಅವಳೆದುರು ನಿಂತಿದ್ದರು. ತೊಳಸದವರೂ ಇವರನ್ನು ನೋಡಿ ಹೆದರಿ, ಹೊಸದೋ ಹಳೆಯದೋ ತಿಳಿಯದೆ ಸುರಿದು, ಬೇರೆ ಡಾಕ್ಟರ ಹತ್ತಿರ ಬೇರೆ ಔಷಧ ಬರೆಸಿಕೊಂಡಿದ್ದರು. ಅವಳು ಎಣಿಸಿದ್ದು ಖಾಲಿ ಬಾಟಲಿಗಳನ್ನು.

ಇಷ್ಟಾದರೂ ದೊಡ್ಡ ಡಾಕ್ಟರು ಜಗ್ಗಲಿಲ್ಲ. ಅವಳು ಬಕೆಟ್ಟಿನ ವಿಷಯ ಹೇಳಿದಾಗ, ಈ ಮಹಡಿಯಲ್ಲಿ ಮೂರು ಕ್ಲಿನಿಕ್ಕುಗಳಿವೆ, ಯಾರ ಮಾತ್ರೆಯೋ ಏನೋ ಎಂದರು. ನನ್ನ ಎಣಿಕೆ ಸುಳ್ಳು ಎಂದು ನಾನೇ ಬರೆದುಕೊಡುತ್ತೇನೆ ಎಂದು ಅವಳು ಗೋಗರೆದಳು. ಅವರ ಮುಖದಲ್ಲಿ ಮರುಕವೂ ಇತ್ತು, ಅಷ್ಟು ಹೇಳಲೇಬೇಕು. ಆದರೆ ಪ್ರಯೋಗ ಮುಗಿಯುವ ಹಂತದಲ್ಲಿತ್ತು, ವರದಿಯ ಕರಡು ಆಗಲೇ ಅವರ ಮೇಜಿನ ಮೇಲಿತ್ತು.

"ಗಂಡನ್ನ ಉಳಿಸಿಕೊಳ್ಳೋಕೆ ಹೆಂಡತಿ ಏನು ಬೇಕಾದ್ರೂ ಬರೀತಾಳೆ. ಯಾರು ನಂಬ್ತಾರೆ? ಅಷ್ಟಕ್ಕೂ ಅವನು ನಿನ್ನ ಗಂಡ ಅಂತ ಕಾಗದದಲ್ಲೇ ಇಲ್ಲ. ಒಂದು ಕೆಲಸ ಮಾಡು. ಸೇರಿದವರಲ್ಲಿ ಒಬ್ಬರು, ಒಬ್ಬರೇ ಒಬ್ಬರು ಬಂದು, ನಾನು ಮಾತ್ರೆ ನುಂಗದೆ ಚೆಲ್ಲಿದೆ ಅಂತ ನನ್ನೆದುರು ಹೇಳಲಿ. ಆ ಕ್ಷಣ ಗುಟ್ಟು ತೆಗೆಸಿ ಕಾಗದ ಕೊಡ್ತೀನಿ."

ಅದು ಕಷ್ಟದ ಕೆಲಸವೇನಲ್ಲ ಎಂದು ಅವಳಿಗೆ ಅನ್ನಿಸಿತು. ಎಲ್ಲರೂ ಚೆಲ್ಲಿದ್ದಾರೆ, ಅವರಲ್ಲಿ ಒಬ್ಬರು ಸಾಕು. ಮಾರನೆಯ ಬೆಳಿಗ್ಗೆ ಬಾಟಲಿ ವಾಪಸು ತರುವ ದಿನ. ಕಾರಿಡಾರು ಒಣಗಿತ್ತು, ಬೆಂಚುಗಳು ತುಂಬಿದ್ದವು. ಅವಳು ತಟ್ಟೆಯನ್ನು ಮೇಜಿನ ಡ್ರಾಯರಿಗೆ ಹಾಕಿ, ಎದ್ದು ನಿಂತು, ಎರಡೂ ಕೈ ಕಟ್ಟಿಕೊಂಡು, ನಿಮ್ಮಲ್ಲಿ ಮಾತ್ರೆ ಬಿಟ್ಟವರು ಯಾರಾದರೂ ಇದ್ದರೆ ಹೇಳಿ, ನಾನು ಬೈಯುವುದಿಲ್ಲ ಎಂದಳು.

ಬೈಯುವುದಿಲ್ಲ ಎಂಬ ಮಾತನ್ನು ಆ ಬಾಯಿಂದ ಅವರು ಯಾವತ್ತೂ ಕೇಳಿರಲಿಲ್ಲ. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೋ ಏನೋ. ಪೈಪು ಬಿಚ್ಚಿಸಿದ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಇವಳು ಕಳ್ಳರನ್ನು ಹಿಡಿಯಲು ಬಲೆ ಬೀಸಿದ್ದಾಳೆ ಎಂದೇ ತಿಳಿದರು. ಬಸ್ಸಿನ ನೌಕರಿಯಿಂದ ನಿವೃತ್ತನಾದ ಕಂಡಕ್ಟರೊಬ್ಬ ಆ ಬೆಂಚುಗಳಿಗೆ ಹಿರಿಯ. ಅವನು ಗಂಟಲು ಸರಿಮಾಡಿಕೊಂಡು, ನಿಮ್ಮ ಹತ್ತಿರ ಕಲಿತ ಶಿಸ್ತು ಅಕ್ಕ, ಊಟ ಬಿಟ್ಟೇವು, ಮಾತ್ರೆ ಬಿಡೋದುಂಟಾ ಎಂದ. ಉಳಿದವರು ಹೌದು ಹೌದು ಎಂದರು. ಒಬ್ಬೊಬ್ಬರೇ ಖಾಲಿ ಬಾಟಲಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು.

ಅವಳು ಬೆಂಚಿನಿಂದ ಬೆಂಚಿಗೆ ಹೋದಳು. ಪುಕ್ಕಟೆ ಪರೀಕ್ಷೆ ನಿಲ್ಲುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದಳು. ಯಾರ ಹೆಸರನ್ನೂ ಹೇಳುವುದಿಲ್ಲ ಎಂದು ಆಣೆ ಮಾಡಿದಳು. ಅವಳು ಹೆಚ್ಚು ಹೆಚ್ಚು ಬೇಡಿಕೊಂಡಂತೆ ಅವರು ಹೆಚ್ಚು ಹೆಚ್ಚು ನಿಷ್ಠರಾದರು. ಕೊನೆಗೆ ಬೇಕರಿಯವಳ ಮುಂದೆ ಬಂದು ನಿಂತಳು. ಆ ಹೆಂಗಸಿಗೆ ಮಾತ್ರೆ ಆಗಿಬರಲಿಲ್ಲ ಎಂಬುದು ಇಡೀ ಕಾರಿಡಾರಿಗೆ ಗೊತ್ತಿದ್ದ ಸಂಗತಿ. ಎಣಿಕೆ ಅಕ್ಕ ಅವಳ ಮುಂದೆ ನೆಲದ ಮೇಲೆಯೇ ಕೂತಳು.

"ನನ್ನ ಯಜಮಾನರು ಸಾಯ್ತಿದ್ದಾರಮ್ಮ. ನಿನಗೆ ಆದ ಹಾಗೇ ಆಯ್ತು ಅವರಿಗೂ, ತುರಿಕೆ, ಊಟ ಸೇರದೇ ಇರೋದು. ಅವರು ಬಿಡಲಿಲ್ಲ, ನಾನು ಬಿಡಗೊಡಲಿಲ್ಲ. ನೀನು ಬಿಟ್ಟೆ ಅಂತ ಒಂದು ಮಾತು ಒಳಗೆ ಬಂದು ಹೇಳು. ನಿನ್ನ ಕಾಲು ಹಿಡೀತೀನಿ."

ಅವಳು ಕಾಲು ಹಿಡಿದೇಬಿಟ್ಟಳು. ಈಗ ಯಾರಿಗೂ ಇದು ಬಲೆ ಅನ್ನಿಸಲಿಲ್ಲ, ಆದರೂ ಮೊದಲು ಬೇಕರಿಯವಳೇ ಬಾಯಿ ಬಿಡಲಿ ಎಂದು ಎಲ್ಲರೂ ಅವಳ ಕಡೆ ನೋಡಿದರು. ಬೇಕರಿಯವಳು ತನ್ನ ಪಾದದ ಮೇಲಿನ ಕೈಗಳನ್ನು ನೋಡಿದಳು. ಮೂಲೆಯಲ್ಲಿದ್ದ ಕಸದ ಬುಟ್ಟಿಯನ್ನು ನೋಡಿದಳು. ಅದೇ ಬುಟ್ಟಿ, ಅಲ್ಲೇ ಇತ್ತು. ಆ ದಿನ ಬಾಯಿ ಒರೆಸಿಕೊಂಡು ಎದ್ದಾಗ ಹಿಂದಿನಿಂದ ಕೇಳಿದ್ದ ನಗು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಅವಳು ಬಾಟಲಿಯ ಮುಚ್ಚಳ ತೆಗೆದು, ತಲೆಕೆಳಗು ಮಾಡಿ ಅಲ್ಲಾಡಿಸಿ ತೋರಿಸಿದಳು.

"ಒಂದೂ ಬಿಟ್ಟಿಲ್ಲ ಅಕ್ಕ. ನೀವೇ ಎಣಿಸಿದ್ದೀರಲ್ಲ."

ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಎಣಿಕೆ ಅಕ್ಕ ಗಂಡನ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಪೈಪಿನ ವಿಷಯ, ಬಕೆಟ್ಟಿನ ವಿಷಯ, ಕಾಲು ಹಿಡಿದ ವಿಷಯ. ಅವನ ಹೊಟ್ಟೆ ಉಬ್ಬಿತ್ತು, ಮಾತು ತೊದಲುತ್ತಿತ್ತು. ಆದರೂ ಪೂರ್ತಿ ಕೇಳಿಸಿಕೊಂಡ. ತುಟಿ ನೆಕ್ಕಿಕೊಂಡು ಮೆಲ್ಲಗೆ ನಕ್ಕ.

"ಹಾಗಾದ್ರೆ ಇಡೀ ಊರಲ್ಲಿ ನಿನ್ನ ಮಾತು ಕೇಳಿದವನು ನಾನೊಬ್ಬನೇ ಅನ್ನು."

ಅದರಲ್ಲಿ ದೂರು ಇರಲಿಲ್ಲ, ಅವಳನ್ನು ನಗಿಸುವುದಷ್ಟೇ ಅವನಿಗೆ ಬೇಕಾಗಿತ್ತು. ಅವಳಿಗೆ ನಗು ಬರಲಿಲ್ಲ. ಮರುದಿನದಿಂದ ಅವನಿಗೆ ಯಾರ ಗುರುತೂ ಸಿಗಲಿಲ್ಲ. ವಾರ್ಡಿನ ಡಾಕ್ಟರು ಮತ್ತೊಮ್ಮೆ ಫೋನು ಮಾಡಿದಳು, ಆ ಕಡೆಯಿಂದ ಕಾಗದ ಬರಲಿಲ್ಲ. ಆ ವಾರ ಕಳೆಯುವ ಮೊದಲೇ ಅವನು ತೀರಿಕೊಂಡ. ಮೆಟ್ಟಿಲ ಕೆಳಗಿನ ಅಂಗಡಿಗೆ ಅವನೇ ಮಾಡಿದ ಬೀಗ ಬಿತ್ತು.

ಹದಿನೈದು ದಿನ ಬಿಟ್ಟು ದೊಡ್ಡ ಡಾಕ್ಟರು ಅವಳನ್ನು ಕರೆಸಿದರು. ಕುರ್ಚಿ ತೋರಿಸಿದರು, ನೀರು ಕೊಡಿಸಿದರು. ಆಮೇಲೆ ನಿಯಮದ ಪುಸ್ತಕ ತೆರೆದು, ಕೆಲಸದವರ ಸಂಬಂಧಿಕರನ್ನು ಸೇರಿಸಿಕೊಳ್ಳುವಂತಿಲ್ಲ ಎಂಬ ಸಾಲಿನ ಮೇಲೆ ಬೆರಳಿಟ್ಟರು. ತಿಳಿಯದೆ ಆದ ತಪ್ಪು, ಈಗ ತಿದ್ದಬೇಕು ಎಂದರು. ಅಂದರೆ ಬೀಗದವನು ಮೊದಲಿನಿಂದಲೂ ಪ್ರಯೋಗದಲ್ಲಿ ಇರಲೇ ಇಲ್ಲ ಎಂದಾಗುತ್ತದೆ. ಇರದವನು ಪ್ರಯೋಗದಲ್ಲಿ ಸತ್ತ ಎಂದು ವರದಿಯಲ್ಲಿ ಬರೆಯುವುದು ಹೇಗೆ? ಅವರು ಸಾವನ್ನು ಸುಳ್ಳು ಮಾಡಲಿಲ್ಲ, ಸತ್ತವನನ್ನೇ ತೆಗೆದುಹಾಕಿದರು. ಅವಳು ಹೆಂಡತಿ ಎಂದು ಆ ದಿನ ಕಾಗದದಲ್ಲಿ ಇರಲಿಲ್ಲ, ಈ ದಿನ ಅವಳು ಹೆಂಡತಿ ಎಂಬುದೇ ಕಾರಣವಾಯಿತು. ಅವರು ತೋರಿಸಿದ ಕಡೆ ಅವಳು ಸಹಿ ಹಾಕಿದಳು.

ವರದಿ ಅಚ್ಚಾಯಿತು. ಹೊಸ ಮಾತ್ರೆ ಹಳೆಯದಕ್ಕಿಂತ ಏನೂ ಕಡಿಮೆಯಿಲ್ಲ ಎಂದು ಅದರಲ್ಲಿತ್ತು. ಎರಡೂ ಒಂದೇ ಪೈಪಿನಲ್ಲಿ ಹೋಗಿದ್ದವು, ಸಮ ಬರದೆ ಇನ್ನೇನು ಬಂದೀತು ಹೇಳಿ. ಸಾವಿನ ಸಾಲಿನಲ್ಲಿ ಸೊನ್ನೆ ಇತ್ತು. ಭಾಗವಹಿಸಿದವರು ಮಾತ್ರೆಗಳನ್ನು ತಪ್ಪದೆ ಸೇವಿಸಿದ್ದಾರೆ, ಪ್ರತಿ ತಿಂಗಳೂ ಎಣಿಸಿ ಖಚಿತಪಡಿಸಿಕೊಳ್ಳಲಾಗಿದೆ ಎಂದು ಒಂದು ಸಾಲಿತ್ತು. ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಸಹಕಾರಕ್ಕಾಗಿ ಅವಳಿಗೆ ಕೃತಜ್ಞತೆ ಹೇಳಿದ್ದರು. ದೊಡ್ಡ ಡಾಕ್ಟರಿಗೆ ಇನ್ನೂ ಹೆಚ್ಚು ಜನರ ಮೇಲೆ, ಇನ್ನೂ ದೊಡ್ಡ ಪ್ರಮಾಣದ ಮಾತ್ರೆಯ ಪ್ರಯೋಗ ಮಾಡಲು ಅನುಮತಿ ಸಿಕ್ಕಿತು. ಹಳಬರಲ್ಲಿ ಹೆಚ್ಚಿನವರು ಪುಕ್ಕಟೆ ಪರೀಕ್ಷೆಯ ಆಸೆಗೆ ಅದಕ್ಕೂ ಸೇರಿಕೊಂಡರು.

ಎಣಿಕೆ ಅಕ್ಕ ಮತ್ತೆ ಮೇಜಿಗೆ ಬಂದಳು. ಅವಳು ಬಿಟ್ಟು ಹೋಗುತ್ತಾಳೆ ಎಂದುಕೊಂಡವರಿಗೆ ಆಶ್ಚರ್ಯವಾಯಿತು. ತಟ್ಟೆ ಡ್ರಾಯರಿನಿಂದ ಹೊರಗೆ ಬಂತು, ಕಡ್ಡಿ ಬಂತು. ದನಿ ಮಾತ್ರ ತಗ್ಗಿತ್ತು, ಬೈಗುಳ ನಿಂತಿತ್ತು. ಶೌಚಾಲಯದ ಮುಂದೆ ಎಂದಿನಂತೆ ಸಾಲಿತ್ತು. ಅವಳು ಆ ಕಡೆ ಬೆನ್ನು ಮಾಡಿ ಕೂರುವ ಹಾಗೆ ಕುರ್ಚಿ ತಿರುಗಿಸಿಕೊಂಡಿದ್ದಳು.

ಬೇಕರಿಯವಳೂ ಹೊಸ ಪ್ರಯೋಗಕ್ಕೆ ಸೇರಿದ್ದಳು, ಆದರೆ ಆ ಸಾಲಿನಲ್ಲಿ ನಿಲ್ಲಲಿಲ್ಲ. ಎಲ್ಲರೂ ಹೋಗುವವರೆಗೆ ಕಾದಿದ್ದು ಕೊನೆಯವಳಾಗಿ ಬಂದಳು. ಬೀಗದವನ ಸುದ್ದಿ ಅವಳಿಗೂ ಮುಟ್ಟಿತ್ತು. ಅವಳ ಮನೆಯ ಕೀಯನ್ನೂ ಅವನೇ ಮಾಡಿಕೊಟ್ಟಿದ್ದ, ಈಗ ಬಾಗಿಲು ತೆಗೆಯುವಾಗಲೆಲ್ಲ ಅವನ ನೆನಪಾಗುತ್ತಿತ್ತು. ಅವಳು ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಬಾಟಲಿ ಭರ್ತಿಯಾಗಿತ್ತು.

"ಅಕ್ಕ, ಆವತ್ತು ನಾನು ಸುಳ್ಳು ಹೇಳಿದೆ. ನಿಮ್ಮ ಮೇಲಿನ ಸಿಟ್ಟಿಗೆ ಹೇಳಿದೆ. ನಾನೂ ಚೆಲ್ಲಿದೆ, ಎಲ್ಲರೂ ಚೆಲ್ಲಿದ್ರು. ಈಗ ಬೇಕಾದ್ರೆ ಡಾಕ್ಟರ ಮುಂದೆ ಹೇಳ್ತೀನಿ, ಪೇಪರಿನವರ ಮುಂದೆ ಹೇಳು ಅಂದ್ರೂ ಹೇಳ್ತೀನಿ. ಆ ಮಾತ್ರೆ ಯಾರೂ ನುಂಗಿಲ್ಲ ಅಕ್ಕ."

ಎಣಿಕೆ ಅಕ್ಕ ಬಾಟಲಿಯನ್ನು ನೋಡಿದಳು. ದೊಡ್ಡ ಡಾಕ್ಟರ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಹೊಸ ಪ್ರಯೋಗಕ್ಕೆ ಬಂದವರಿಗೆ ಯಾರೋ ಒಪ್ಪಿಗೆ ಪತ್ರ ಓದುತ್ತಿದ್ದರು. ಯಾರೂ ನುಂಗಿಲ್ಲ ಎಂದಾದರೆ ನುಂಗಿದವನು ಅವನೊಬ್ಬ. ನುಂಗಿಸಿದವಳು ತಾನು, ದಿನಾ ಬೆಳಿಗ್ಗೆ, ನಾಲಿಗೆ ಎತ್ತಿಸಿ ನೋಡಿ. ಎಲ್ಲರೂ ನುಂಗಿದ್ದಾರೆ ಎಂದಾದರೆ ಅವನು ಬೇರೆ ಯಾವುದೋ ಕಾಯಿಲೆಯಿಂದ ಸತ್ತ. ಎಲ್ಲರೂ ನುಂಗಿದ್ದಾರೆ ಎಂದೇ ವರದಿಯಲ್ಲಿತ್ತು. ದಿನಾ ಎದ್ದು ಮುಖ ತೊಳೆದುಕೊಂಡು ಕೆಲಸಕ್ಕೆ ಬರಲು ಅವಳಿಗೆ ಉಳಿದದ್ದು ಆ ವರದಿಯೊಂದೇ.

ಅವಳು ಮುಚ್ಚಳ ತೆಗೆದು, ಭರ್ತಿ ಬಾಟಲಿಯನ್ನು ಕಾಲ ಬಳಿಯಿದ್ದ ಕಸದ ಬುಟ್ಟಿಗೆ ಬಗ್ಗಿಸಿದಳು. ಒಂದು ಮಾತ್ರೆ ತಟ್ಟೆಯ ಅಂಚಿಗೆ ತಾಗಿ ಟಣ್ ಎಂದಿತು. ಅದನ್ನೂ ಹೆಕ್ಕಿ ಬುಟ್ಟಿಗೆ ಹಾಕಿದಳು. ಖಾಲಿ ಬಾಟಲಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಬೇಕರಿಯವಳ ಹೆಸರಿನ ಮುಂದೆ ಸೊನ್ನೆ ಬರೆದಳು.

"ನೀನು ಒಂದೂ ಬಿಟ್ಟಿಲ್ಲ," ಎಂದಳು. "ನಾನು ಎಣಿಸಿದ್ದೀನಿ."

ಮುಂದಿನ ತಿಂಗಳ ಬಾಟಲಿಯನ್ನು ಅವಳ ಕೈಗೆ ಕೊಟ್ಟು, ತಟ್ಟೆ ಒರೆಸಲು ಬಟ್ಟೆ ಎತ್ತಿಕೊಂಡಳು.